ಸೂರ್ಯನಗರದ ಗೋಡೆಯಾಚೆ ಯಾರಿದ್ದಾರೆ?

ರಾತ್ರಿ ಊಟ ಮುಗಿಸಿ ಹಾಸ್ಟೆಲ್ಲಿನ ಜಗಲಿ ಮೇಲೆ ಕೂತಾಗ ನಮ್ಮಲ್ಲಿ ಒಬ್ಬನಾದರೂ ಈ ಮಾತು ಆಡೇ ಆಡುತ್ತಾನೆ: “ಇದೆಲ್ಲ ಸರಿಹೋಗಬೇಕಾದರೆ ಮೇಲೊಬ್ಬ ಒಳ್ಳೆಯವನು ಬಂದು ಕೂರಬೇಕು ಕಣೋ. ಎಲ್ಲ ತಿಳಿದವನು, ಆಸೆ ಇಲ್ಲದವನು, ಸನ್ಯಾಸಿ ಥರದವನು.” ಸುತ್ತ ಕೂತವರು ಹೂಂ ಅಂತಾರೆ. ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಅಂತ ಹೇಳೋದಕ್ಕೇ ಈ ನಾಲ್ಕು ಮಾತು.

ಅಂಥ ಒಳ್ಳೆಯ ಪುರೋಹಿತ ಆಳುವ ಊರೊಂದನ್ನು ನಾನೂರು ವರ್ಷದ ಹಿಂದೆಯೇ ಒಬ್ಬ ಕಟ್ಟಿ ತೋರಿಸಿದ್ದಾನೆ. ಕಲ್ಲು ಗಾರೆಯಲ್ಲಲ್ಲ, ಕಾಗದದ ಮೇಲೆ. ಊರಿನ ಹೆಸರು ಸೂರ್ಯನಗರ. ಕಟ್ಟಿದವನು ಇಟಲಿಯ ತೊಮ್ಮಾಸೊ ಕಾಂಪನೆಲ್ಲ. ನನಗೆ ಈ ಪುಸ್ತಕದ ಸುದ್ದಿ ಹೇಳಿದ ಮೇಷ್ಟ್ರು “ಸಮಾನತೆಯ ಸ್ವರ್ಗ ಕಣಯ್ಯಾ, ಓದು” ಅಂದಿದ್ದರು. ಓದಿದೆ. ಅರ್ಧ ಸ್ವರ್ಗ ನಿಜ. ಉಳಿದರ್ಧ ನಮಗೆ ಚೆನ್ನಾಗಿ ಗೊತ್ತಿರುವ ಊರು.

ಮೊದಲು ಆ ಮನುಷ್ಯನ ವಿಷಯ. ಅವನು ಹುಟ್ಟಿದ್ದು 1568ರಲ್ಲಿ, ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯ ಸೀಮೆಯಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು, ಅಕ್ಷರ ಬಾರದವನು. ಹೌದು, ನಮ್ಮ ಹಾಗೇ. ಬಡವರ ಹುಡುಗನಿಗೆ ಓದು ಸಿಗಲು ಆಗ ಇದ್ದ ದಾರಿ ಮಠ ಒಂದೇ, ಹುಡುಗ ಡೊಮಿನಿಕನ್ ಸನ್ಯಾಸಿಗಳ ಮಠ ಸೇರಿದ. ಕಲಾಬ್ರಿಯವನ್ನು ಆಗ ಸ್ಪೇನಿನ ದೊರೆ ಆಳುತ್ತಿದ್ದ. 1599ರಲ್ಲಿ ಆ ಆಳ್ವಿಕೆಯ ವಿರುದ್ಧ ಸಂಚು ಮಾಡಿದನೆಂದು ಇವನನ್ನು ಹಿಡಿದರು. 1601ರಲ್ಲಿ ಒಂದೂವರೆ ದಿನದಷ್ಟು ಹೊತ್ತು ನಿದ್ದೆಗೆ ಬಿಡದೆ ಚಿತ್ರಹಿಂಸೆ ಕೊಟ್ಟರು. ಇವನು ಹುಚ್ಚನ ಹಾಗೆ ನಟಿಸಿದ. ಮೂಳೆ ಕಿತ್ತು ಬಂದರೂ ಬಾಯಿ ಬಿಡಲಿಲ್ಲ, ತಲೆ ಉಳಿಸಿಕೊಂಡ. 1626ರವರೆಗೆ, ಅಂದರೆ 27 ವರ್ಷ, ನೇಪಲ್ಸಿನ ಜೈಲಿನಲ್ಲಿದ್ದ. ಆ ಕತ್ತಲೆಯಲ್ಲಿ 1602ರಲ್ಲಿ ಈ ಪುಸ್ತಕ ಬರೆದ. ಅದೇ ಜೈಲಿನಿಂದಲೇ 1616ರಲ್ಲಿ ಗೆಲಿಲಿಯೋ ಪರವಾಗಿ ಇನ್ನೊಂದು ಬರೆದ. ಇವನನ್ನು ಹಗುರವಾಗಿ ಬೈಯಲು ನನಗೆ ಮನಸ್ಸಿಲ್ಲ. ಗೌರವ ಇಟ್ಟುಕೊಂಡೇ ಜಗಳ ಆಡುತ್ತೇನೆ.

ಊರು ಹೇಗಿದೆ ಕೇಳಿ. ಸಮುದ್ರದಾಚೆ ತಪ್ರೊಬಾನ ಎಂಬ ದ್ವೀಪ. ಗುಡ್ಡದ ಮೇಲೆ ಏಳು ಸುತ್ತಿನ ಕೋಟೆ, ಏಳು ಗ್ರಹದ ಹೆಸರು. ಗೋಡೆಗಳ ಮೇಲೆಲ್ಲ ಚಿತ್ರ. ಲೆಕ್ಕ, ಅಕ್ಷರ, ಭೂಪಟ, ಕಲ್ಲು, ಗಿಡ, ಮೀನು, ಹಕ್ಕಿ, ಯಂತ್ರ, ಎಲ್ಲ ಬರೆದಿಟ್ಟಿದ್ದಾರೆ. ಮಕ್ಕಳು ಆಡುತ್ತ ಓಡಾಡುತ್ತ ಗೋಡೆ ನೋಡಿ, ಹತ್ತು ವರ್ಷ ತುಂಬುವುದರೊಳಗೆ ಎಲ್ಲ ವಿದ್ಯೆಯ ಬುಡ ಹಿಡಿಯುತ್ತವೆ. ವೇದ ಕೇಳಿದವನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂತ ಬರೆದ ದೇಶದಲ್ಲಿ ಹುಟ್ಟಿದವರು ನಾವು. ಬೀದಿಯ ಗೋಡೆಯೇ ಪುಸ್ತಕ ಅಂದರೆ ನನ್ನಂಥವನಿಗೆ ಕಣ್ಣಲ್ಲಿ ನೀರು ಬರದೆ ಇರುತ್ತಾ?

ಇನ್ನೂ ಇದೆ. ಸ್ವಂತ ಆಸ್ತಿ ಅಂತ ಯಾರಿಗೂ ಇಲ್ಲ. ನೇಪಲ್ಸಿನ 70,000 ಜನರಲ್ಲಿ ದುಡಿಯುವವರು ಹತ್ತು ಹದಿನೈದು ಸಾವಿರ, ಅವರು ದುಡಿದು ದುಡಿದು ಸಾಯುತ್ತಾರೆ, ಉಳಿದವರು ಸೋಮಾರಿತನದಿಂದ ಕೆಡುತ್ತಾರೆ ಎಂದು ಲೆಕ್ಕ ಹಾಕಿದ ಕಾಂಪನೆಲ್ಲ ತನ್ನ ಊರಿನಲ್ಲಿ ಕೆಲಸವನ್ನು ಎಲ್ಲರಿಗೂ ಹಂಚಿದ. ದಿನಕ್ಕೆ ನಾಲ್ಕೇ ಗಂಟೆ ದುಡಿಮೆ ಸಾಕಾಯಿತು. ಹೆಚ್ಚು ಕಸುಬು ಕಲಿತವನೇ ಅಲ್ಲಿ ದೊಡ್ಡವನು. ಯಾವ ಕಸುಬನ್ನೂ ಕಲಿಯದೆ ಕೂತು ತಿನ್ನುವವನನ್ನು ಕುಲೀನ ಅಂತೀರಲ್ಲಾ ಎಂದು ಆ ಜನ ನಗುತ್ತಾರೆ. ಕಾಲು ನಡೆಯುವುದೂ ಕಣ್ಣು ನೋಡುವಷ್ಟೇ ಗೌರವದ ಕೆಲಸ ಎಂಬುದು ಅವರ ತಿಳುವಳಿಕೆ.

ಇಲ್ಲಿ ನಿಲ್ಲಿ. ಕಾಲಿನ ಮಾತು ಬಂತು. ನಮ್ಮ ಪುರುಷಸೂಕ್ತದಲ್ಲಿ ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಕಾಲಿಂದ ಶೂದ್ರ. ನಮಗೆ ಕಾಲಿನಲ್ಲೂ ಜಾಗ ಇಲ್ಲ. ಆ ಕಾಲಿಗೆ ಜೋಡು ಹೊಲಿಯುವ ಮನೆಯಲ್ಲಿ ಹುಟ್ಟಿದವನೊಬ್ಬ ಕಾಲಿಗೂ ಕಣ್ಣಿಗೂ ಒಂದೇ ಮರ್ಯಾದೆ ಅಂದ. ಅಷ್ಟಕ್ಕೆ ಅವನಿಗೆ ನನ್ನ ಕೈ ಮುಗಿದೆ. ಮುಗಿದ ಕೈ ಬಿಚ್ಚಿ ಮುಂದಿನ ಪುಟ ತಿರುವಿದೆ.

ಊರಿನ ನಡುವೆ ದೇವಸ್ಥಾನ. ದೇವಸ್ಥಾನದಲ್ಲಿ ದೊರೆ. ದೊರೆ ಅಂದರೆ ಪುರೋಹಿತ, ಪುರೋಹಿತ ಅಂದರೆ ದೊರೆ. ಅವನ ಹೆಸರು ‘ಹೋ’, ಸೂರ್ಯ ಅಂತ ಅರ್ಥ. ಕೈಕೆಳಗೆ ಮೂವರು, ಪೋನ್, ಸಿನ್, ಮೋರ್. ಬಲ, ಜ್ಞಾನ, ಪ್ರೀತಿ. ಮೇಲಂತಸ್ತಿನಲ್ಲಿ 24 ಪೂಜಾರಿಗಳು ದಿನಕ್ಕೆ ನಾಲ್ಕು ಹೊತ್ತು ಸ್ತೋತ್ರ ಹಾಡುತ್ತ ನಕ್ಷತ್ರ ನೋಡುತ್ತ ಕೂತಿರುತ್ತಾರೆ. ಬಿತ್ತುವುದು ಯಾವಾಗ, ಕೊಯ್ಯುವುದು ಯಾವಾಗ, ಅವರ ಮಾತೇ ಮಾತು. ಮುಂದಿನ ‘ಹೋ’ ಸಾಮಾನ್ಯವಾಗಿ ಅವರೊಳಗಿಂದಲೇ ಬರುತ್ತಾನೆ. ನಾಲ್ಕು ಗಂಟೆ ದುಡಿಮೆ ಎಲ್ಲರಿಗೂ ಸರಿ, ನಕ್ಷತ್ರ ನೋಡುವ ದುಡಿಮೆ ಮಾತ್ರ ಮೇಲಂತಸ್ತಿಗೆ. ಪಂಚಾಂಗ ಯಾರ ಕೈಲಿದೆಯೋ ಊರು ಅವರ ಕೈಲಿದೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾ?

ಗಂಡು ಹೆಣ್ಣು ಕೂಡುವುದಕ್ಕೂ ಅಲ್ಲಿ ಮೇಲಿನಿಂದ ಅಪ್ಪಣೆ ಆಗಬೇಕು. ಯಾರಿಗೆ ಯಾರು ಎಂದು ಅಧಿಕಾರಿಗಳು ಗೊತ್ತು ಮಾಡುತ್ತಾರೆ. ದಪ್ಪಗಿರುವವರಿಗೆ ತೆಳ್ಳಗಿರುವವರು, ತಳಿ ಚೆನ್ನಾಗಿರಬೇಕಲ್ಲ! ಗಳಿಗೆ ಹೇಳುವವನು ಜೋಯಿಸ, ಜೊತೆಗೆ ವೈದ್ಯ. ಹೆಣ್ಣು ಮುಖಕ್ಕೆ ಬಣ್ಣ ಹಚ್ಚಿದರೆ, ಎತ್ತರ ಕಾಣಲು ಹಿಮ್ಮಡಿ ಎತ್ತರದ ಜೋಡು ಮೆಟ್ಟಿದರೆ ಮರಣದಂಡನೆ. ಹೆಣ್ಣಿಗೂ ಗಂಡಿಗೂ ಒಂದೇ ಓದು, ಒಂದೇ ಯುದ್ಧಶಿಕ್ಷಣ ಕೊಟ್ಟ ಊರು ಇದು. ಆದರೂ ಅವಳ ಮೈ ಅವಳದ್ದಲ್ಲ. ನಮ್ಮಲ್ಲಿ ಜಾತಿಯ ಗೋಡೆ ನಿಂತಿರುವುದೂ ಮದುವೆಯ ಮೇಲೇ. ಯಾರು ಯಾರನ್ನು ಕೂಡಬೇಕು ಎಂದು ಹೇಳುವ ಅಧಿಕಾರ ಕೈಯಲ್ಲಿದ್ದರೆ ಪುರೋಹಿತನಿಗೆ ಬೇರೆ ಸೈನ್ಯ ಬೇಕಿಲ್ಲ.

ಇನ್ನೊಂದು ಪದ್ಧತಿ. ಜನ ತಮ್ಮ ತಪ್ಪನ್ನು ಅಧಿಕಾರಿಗೆ ಒಪ್ಪಿಸಬೇಕು. ಅವನು ತನ್ನ ತಪ್ಪಿನ ಜೊತೆ ಕೇಳಿದ್ದನ್ನೂ, ಹೆಸರು ಹೇಳದೆ, ಮೇಲಿನವನಿಗೆ. ಅವನು ‘ಹೋ’ಗೆ. ‘ಹೋ’ ದೇವರಿಗೆ. ಊರಿನ ಗುಟ್ಟೆಲ್ಲ ಏಣಿ ಹತ್ತಿ ಒಬ್ಬನ ಕಿವಿಗೆ. ಯೋಚನೆ ಮಾಡಿ. ಹಿಂಸೆಯಲ್ಲೂ ಬಾಯಿ ಬಿಡದೆ ಬದುಕಿದವನು ಇವನು. ಗುಟ್ಟು ಇಟ್ಟುಕೊಂಡಿದ್ದಕ್ಕೇ ತಲೆ ಉಳಿಯಿತು. ಅವನು ಕಟ್ಟಿದ ಊರಿನಲ್ಲಿ ಯಾರಿಗೂ ಗುಟ್ಟು ಇಟ್ಟುಕೊಳ್ಳುವ ಹಕ್ಕಿಲ್ಲ!

ಶಿಕ್ಷೆಯ ಕ್ರಮ ಇನ್ನೂ ಘೋರ. ಕಟುಕ ಅಂತ ಬೇರೆ ಇಲ್ಲ, ಊರವರೇ ಕೈಯಾರೆ ಕೊಲ್ಲಬೇಕು, ದೂರು ಕೊಟ್ಟವನಿಂದ ಶುರು. ಅದಕ್ಕೂ ಮೊದಲು ಸಾಯಬೇಕಾದವನಿಗೆ ವಾದ ಮಾಡಿ ಮಾಡಿ, ‘ಹೌದು, ನಾನು ಸಾಯುವುದೇ ಸರಿ’ ಎಂದು ಅವನ ಬಾಯಿಂದಲೇ ಒಪ್ಪಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಕರ್ಮಸಿದ್ಧಾಂತ ಅಂತ ಹೆಸರು. ನಮ್ಮ ಅಜ್ಜಂದಿರ ಬಾಯಿಂದ ‘ಹೋದ ಜನ್ಮದ ಪಾಪ ಸ್ವಾಮಿ’ ಅಂತ ಅನ್ನಿಸಿದರಲ್ಲ, ಅದೇ. ಚಾಟಿಯ ಏಟು ಆರುತ್ತೆ ಕಣ್ರಪ್ಪ, ಒಪ್ಪಿಗೆಯ ಏಟು ಮೊಮ್ಮಕ್ಕಳ ಕಾಲಕ್ಕೂ ಆರಲ್ಲ.

ಈಗ ಊರ ಬಾಗಿಲಿಗೆ ಬನ್ನಿ. ಸೂರ್ಯನಗರದವರು ಗುಲಾಮರನ್ನು ಇಟ್ಟುಕೊಂಡಿಲ್ಲ ಎಂದು ಪುಸ್ತಕ ಒಂದು ಕಡೆ ಹೆಮ್ಮೆಯಿಂದ ಹೇಳುತ್ತದೆ. ಇನ್ನೊಂದು ಕಡೆ ಮೆತ್ತಗೆ ಬೇರೆ ಮಾತು ಹೇಳುತ್ತದೆ. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವರ ನಡತೆಯಿಂದ ಊರು ಕೆಟ್ಟುಹೋಗುತ್ತಂತೆ! ಬಾಗಿಲಲ್ಲೇ ಮಾರುತ್ತಾರೆ. ಇಲ್ಲವೇ ಗೋಡೆಯಾಚೆ ಇಟ್ಟು ಗುಂಡಿ ತೋಡಿಸುತ್ತಾರೆ, ಕಷ್ಟದ ಕೆಲಸ ಮಾಡಿಸುತ್ತಾರೆ.

ಗೆಳೆಯರೇ, ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಏಳು ಸುತ್ತಿನ ಗೋಡೆ, ಗೋಡೆಯ ತುಂಬ ವಿದ್ಯೆ, ನಾಲ್ಕೇ ಗಂಟೆ ದುಡಿಮೆ, ಎಲ್ಲ ಸರಿ. ಗೋಡೆಯಾಚೆ ಗುಂಡಿ ತೋಡುವವನು ಯಾರು? ಅವನ ಮಗು ಯಾವ ಗೋಡೆ ನೋಡಿ ಅಕ್ಷರ ಕಲಿಯುತ್ತದೆ? ಅವನ ನಡತೆಯಿಂದ ಊರು ಕೆಡುತ್ತದೆ, ಅವನ ಬೆವರಿನಿಂದ ಕೆಡುವುದಿಲ್ಲವೋ? ಆ ಜಾಗದ ವಿಳಾಸ ನನಗೆ ಗೊತ್ತು. ಅದರ ಹೆಸರು ಕೇರಿ.

ಆ ಊರು ಕಟ್ಟಿದ ಜನ ಎಲ್ಲಿಂದ ಬಂದವರು ಎಂದು ಬರೆದಿದ್ದಾನೆ ಗೊತ್ತೇ? ಇಂಡಿಯಾದಿಂದ! ಲೂಟಿಕೋರರ ದಾಳಿಗೆ ಹೆದರಿ ಓಡಿಬಂದ ತತ್ತ್ವಜ್ಞಾನಿಗಳಂತೆ. ಕಾಂಪನೆಲ್ಲ ನಮ್ಮ ದೇಶ ಕಂಡವನಲ್ಲ. ಕಾಣದೆಯೂ ಕೆಲವನ್ನು ಸರಿಯಾಗಿ ಊಹಿಸಿದ. ದೇವಸ್ಥಾನ ನಡುವೆ, ಪಂಚಾಂಗ ಮೇಲೆ, ಗುಂಡಿ ತೋಡುವವರು ಆಚೆ. ನಮ್ಮ ತತ್ತ್ವಜ್ಞಾನಿ ಎಲ್ಲಿ ಹೋದರೂ ಗಂಟಿನಲ್ಲಿ ಈ ನಕ್ಷೆ ಇದ್ದೇ ಇರುತ್ತದೆ!

“ಅಯ್ಯೋ, ಅದು ಕಾಲದ ದೋಷ. ಇವನು ಸಮತಾವಾದದ ಮೂಲಪುರುಷ” ಎಂದು ನಮ್ಮ ಎಡಪಂಥದ ಗೆಳೆಯರು ಹೇಳುತ್ತಾರೆ. ನಿಜ. 1918ರಲ್ಲಿ ಮಾಸ್ಕೋದಲ್ಲಿ ರಾಜಮನೆತನದ ಕಂಬವೊಂದರ ಮೇಲಿನ ಹೆಸರುಗಳನ್ನು ಅಳಿಸಿ ಕ್ರಾಂತಿಯ ಚಿಂತಕರ ಹೆಸರು ಕೆತ್ತಿದಾಗ ಕಾಂಪನೆಲ್ಲನ ಹೆಸರೂ ಇತ್ತು. 2013ರಲ್ಲಿ ಅದನ್ನೂ ತೆಗೆದು ಮತ್ತೆ ರಾಜಮನೆತನಕ್ಕೇ ಕಂಬ ಒಪ್ಪಿಸಿದರು. ಕೆತ್ತುವಾಗಲೂ ಅಳಿಸುವಾಗಲೂ ಜನರನ್ನು ಯಾರೂ ಕೇಳಲಿಲ್ಲ. ನನ್ನ ಜಗಳ ಇಲ್ಲೇ ಇರುವುದು. ಸೂರ್ಯನಗರದಲ್ಲಿ ಸಣ್ಣ ಅಧಿಕಾರಿಗಳನ್ನು ಜನರ ಇಷ್ಟದಂತೆ ಬದಲಾಯಿಸಬಹುದು. ಮೇಲಿನ ನಾಲ್ವರನ್ನು ಆಗದು. ತಮಗಿಂತ ತಿಳಿದವನು ಇದ್ದಾನೆ ಅಂತ ಅವರಿಗೇ ಅನ್ನಿಸಿದರೆ ಅವರಾಗಿ ಬಿಟ್ಟುಕೊಡಬೇಕು! ಕುರ್ಚಿ ಬಿಟ್ಟು ಎದ್ದ ಪುರೋಹಿತನನ್ನು ನೀವು ಕಂಡಿದ್ದೀರಾ? ಒಳ್ಳೆಯವನೋ ಕೆಟ್ಟವನೋ ಎನ್ನುವುದು ಆಮೇಲಿನ ಮಾತು. ಇಳಿಸಬಹುದೋ ಇಲ್ಲವೋ, ಅದು ಮೊದಲ ಮಾತು.

ಬಾಬಾಸಾಹೇಬರು 1936ರಲ್ಲಿ ‘ಜಾತಿವಿನಾಶ’ದಲ್ಲಿ ಈ ಗಂಟಿಗೇ ಕೈ ಹಾಕಿದ್ದು. ಪೂಜಾರಿಕೆ ಹೋದರೆ ಒಳ್ಳೆಯದು, ಹೋಗದಿದ್ದರೆ ಹುಟ್ಟಿನಿಂದ ಬರುವುದನ್ನಾದರೂ ನಿಲ್ಲಿಸಿ, ಪರೀಕ್ಷೆ ಇಡಿ, ಸರ್ಕಾರದ ನೌಕರನನ್ನಾಗಿ ಮಾಡಿ, ಎಷ್ಟು ಜನ ಇರಬೇಕೆಂದು ಕಾನೂನು ಹೇಳಲಿ ಎಂದರು. ವ್ಯತ್ಯಾಸ ನೋಡಿ. ಕಾಂಪನೆಲ್ಲ ಪುರೋಹಿತನನ್ನು ಜ್ಞಾನದಿಂದ ಆರಿಸಿ ಕಾನೂನಿನ ಮೇಲೆ ಕೂರಿಸಿದ. ಅಂಬೇಡ್ಕರ್ ಅವನನ್ನು ಕಾನೂನಿನ ಕೆಳಗೆ ತಂದು ನಿಲ್ಲಿಸಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ, ಎಷ್ಟೇ ದೊಡ್ಡವನಾದರೂ ಅವನ ಕಾಲ ಬಳಿ ನಿಮ್ಮ ಸ್ವಾತಂತ್ರ್ಯ ಇಡಬೇಡಿ ಎಂದು ಎಚ್ಚರಿಸಿದರು.

ಪುರೋಹಿತನಿಲ್ಲದ ಊರನ್ನು ಕನಸು ಕಂಡವರೇ ಇಲ್ಲವೇನು? ಇದ್ದಾರೆ. ಕಾಶಿಯ ರವಿದಾಸ, ಅವನೂ ಚಪ್ಪಲಿ ಹೊಲಿದವನು. ಅವನ ಊರಿನ ಹೆಸರು ಬೇಗಂಪುರ, ದುಃಖವಿಲ್ಲದ ಊರು. ಆ ಪದ 1604ರಲ್ಲಿ ಸಂಗ್ರಹವಾದ ಸಿಖ್ಖರ ಗ್ರಂಥದಲ್ಲಿದೆ. ಕಂದಾಯವಿಲ್ಲ, ಭಯವಿಲ್ಲ, ಎರಡನೆಯವ ಮೂರನೆಯವ ಅಂತ ದರ್ಜೆ ಇಲ್ಲ, ಎಲ್ಲಿಗೆ ಬೇಕಾದರೂ ತಡೆಯಿಲ್ಲದೆ ತಿರುಗಬಹುದು. ಒಬ್ಬ ಚಮ್ಮಾರನ ಮಗ ಏಳು ಗೋಡೆ ಕಟ್ಟಿ ನಡುವೆ ಪುರೋಹಿತನನ್ನು ಕೂರಿಸಿದ. ಇನ್ನೊಬ್ಬ ಚಮ್ಮಾರ ಒಂದು ಗೋಡೆಯನ್ನೂ ಕಟ್ಟಲಿಲ್ಲ. ಮೊದಲನೆಯವನು ಮಠದಲ್ಲಿ ಓದಿದ್ದ. ಎರಡನೆಯವನು ಬೀದಿಯಲ್ಲಿ ಕೂತು ಹೊಲಿಯುತ್ತಿದ್ದ, ಹೋಗುವವರ ಬರುವವರ ಕಾಲು ನೋಡುತ್ತಿದ್ದ.

ಕೊನೆಗೆ ನಮ್ಮ ಮನೆಯ ಮಾತು. ಇದು ನಿಮಗೆ ರುಚಿಸದೆ ಇರಬಹುದು, ನನಗೂ ರುಚಿಸಿಲ್ಲ. ಬಿ.ಎ. ಓದಿದೆವು. ನಾಲ್ಕು ಪುಸ್ತಕ ಹಿಡಿದೆವು. ಸಭೆಯಲ್ಲಿ ಮೈಕು ಹಿಡಿಯುವವರು ನಾವೇ, ಗೋಡೆಗೆ ಬರೆಯುವವರು ನಾವೇ. ಕಂಬಳಿ ಹಾಸುವವರು, ಚಾ ಕಾಯಿಸುವವರು, ಊರಿನಿಂದ ನಡೆದು ಬಂದು ಹಿಂದೆ ಕೂರುವವರು ಬೇರೆ. ನಮ್ಮ ಅಕ್ಕತಂಗಿಯರು ಸಭೆಗೆ ಬಂದರೆ ಹಾಡಲು ಕರೆಯುತ್ತೇವೆ, ತೀರ್ಮಾನಕ್ಕೆ ಕರೆಯುವುದಿಲ್ಲ. ಮುಖಂಡನನ್ನು ಒಂದು ಪ್ರಶ್ನೆ ಕೇಳಿದವನಿಗೆ ‘ನೀನು ಯಾರ ಕಡೆಯವನು?’ ಅಂತೀವಿ. ಜುಟ್ಟು ಇಲ್ಲದೆಯೂ ಪುರೋಹಿತ ಆಗಬಹುದು ಗೆಳೆಯರೇ. ನಾಳೆ ನಮ್ಮ ಕೈಗೆ ಊರು ಬಂದರೆ, ನಡುವೆ ಯಾವ ಗುಡಿ ಕಟ್ಟುತ್ತೇವೆ? ಅದರಾಚೆ ಯಾರನ್ನು ಇಡುತ್ತೇವೆ?

ಆದ್ದರಿಂದ ಯಾರೇ ಬಂದು ನಿಮಗೊಂದು ಸುಂದರವಾದ ಊರು ತೋರಿಸಲಿ, ಕೇಸರಿಯವನು ತೋರಿಸಲಿ, ಕೆಂಪಿನವನು ತೋರಿಸಲಿ, ನೀಲಿಯವನೇ ತೋರಿಸಲಿ, ಮೂರು ಪ್ರಶ್ನೆ ಕೇಳಿ. ಮೇಲಿನವನನ್ನು ಇಳಿಸುವುದು ಹೇಗೆ? ಗುಟ್ಟು ಕೇಳುವ ಕಿವಿ ಯಾರದು? ಗೋಡೆಯಾಚೆ ಗುಂಡಿ ತೋಡುವವನು ಯಾರು? ಮೂರಕ್ಕೂ ನೇರ ಉತ್ತರ ಬರದಿದ್ದರೆ ಆ ಊರಿಗೆ ಕಾಲಿಡಬೇಡಿ.

ಇವತ್ತು ರಾತ್ರಿ ಜಗಲಿ ಮೇಲೆ ಮತ್ತೆ ಯಾರಾದರೂ ‘ಒಬ್ಬ ಒಳ್ಳೆಯವನು ಬರಬೇಕು’ ಅಂದರೆ, ಹೂಂ ಅನ್ನಬೇಡಿ. ಮೊದಲು ತಟ್ಟೆ ತೊಳೆಯಲು ಅವನ ಪಾಳಿ ಯಾವತ್ತು ಎಂದು ಕೇಳಿ.