ಒಂದು ಬಟ್ಟಲು ಎಂದರೆ ಎಷ್ಟು?

ಊಟಕ್ಕೂ ಕ್ಯಾನ್ಸರಿಗೂ ಇರುವ ನಂಟನ್ನು ಹುಡುಕಲು 1992ರಲ್ಲಿ ಯೂರೋಪಿನಲ್ಲಿ ‘ಎಪಿಕ್’ ಎಂಬ ಅಧ್ಯಯನ ಆರಂಭವಾಯಿತು. ಹತ್ತು ದೇಶ, ಐದು ಲಕ್ಷಕ್ಕೂ ಹೆಚ್ಚು ಜನ. ಆದರೆ ಆಹಾರದ ಪ್ರಶ್ನಾವಳಿ ದೇಶಕ್ಕೊಂದು ಬಗೆ! ಉತ್ತರಗಳನ್ನು ಹೋಲಿಸುವುದು ಹೇಗೆ? ಅದಕ್ಕೆ ಸುಮಾರು 37 ಸಾವಿರ ಮಂದಿಯನ್ನು ಆರಿಸಿ, ಹಿಂದಿನ ದಿನ ತಿಂದದ್ದನ್ನೆಲ್ಲ ಒಂದೇ ಕಂಪ್ಯೂಟರ್ ಪ್ರೋಗ್ರಾಂ ಬಳಸಿ, ಒಂದೇ ಕ್ರಮದಲ್ಲಿ ಕೇಳಿದರು. ‘ಒಂದು ಬಟ್ಟಲು’ ಎಂದರೆ ಸಾಲದು. ತಟ್ಟೆಗಳ ಚಿತ್ರ ನೋಡಿ ಪ್ರಮಾಣ ತೋರಿಸಬೇಕಿತ್ತು. ಉಳಿದವರ ಲೆಕ್ಕ ತಿದ್ದಲು ಈ ಉತ್ತರಗಳೇ ಅಳತೆಗೋಲು.

ಇನ್ನೊಂದು ತೊಡಕು, ಪೋಷಕಾಂಶಗಳ ಕೋಷ್ಟಕದ್ದು. ಅಮೆರಿಕದವರು ಶರ್ಕರಪಿಷ್ಟದ ಲೆಕ್ಕದಲ್ಲಿ ನಾರನ್ನೂ ಸೇರಿಸುತ್ತಾರೆ, ಬ್ರಿಟನ್ನಿನವರು ಸೇರಿಸುವುದಿಲ್ಲ. ಬ್ರೆಡ್ಡು ಒಂದೇ, ಅಂಕಿ ಎರಡು! ಎಪಿಕ್‌ನ ಹತ್ತೂ ದೇಶಗಳ ಕೋಷ್ಟಕಗಳನ್ನು ಒಂದೇ ಅಳತೆಗೆ ತಂದ ಮೊದಲ ಪ್ರಯತ್ನದ ವರದಿ ಪ್ರಕಟವಾಗುವಾಗ 2007 ಬಂದಿತ್ತು.