ಬೆಚ್ಚಗಿನ ಮನೆ ಯಾರ ಪಾಲಿಗೆ?

ಇಂಗ್ಲೆಂಡಿನ ಗಿರಣಿ ಊರುಗಳ ಹಳೆಯ ಸಾಲುಮನೆಗಳಲ್ಲಿ, ಚಳಿಗಾಲಕ್ಕೆ ಮನೆ ಕಾಯಿಸುವ ಹೊಸ ಯಂತ್ರವೊಂದನ್ನು ಕೂರಿಸುವ ವಿಚಾರವಾಗಿ ಕೆಲವು ವರ್ಷಗಳಿಂದ ದೊಡ್ಡ ವಾದ ನಡೆದಿದೆ. ಅಷ್ಟು ದೂರದವರ ಚಳಿಯ ಚಿಂತೆ ನಮಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಓಲ್ಡ್‌ಹ್ಯಾಮ್, ಬೋಲ್ಟನ್, ರಾಚ್‌ಡೇಲ್, ಬ್ಲ್ಯಾಕ್‌ಬರ್ನ್ ಎಂಬ ಆ ಊರುಗಳು ನಮಗೆ ಅಪರಿಚಿತವಲ್ಲ. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿಯ ಬರವು ನಿಂತಾಗ, ಲ್ಯಾಂಕಷೈರಿನ ಗಿರಣಿ ಮಾಲೀಕರು ಕೈ ಚಾಚಿದ್ದು ನಮ್ಮ ಧಾರವಾಡ ಸೀಮೆಯ ಹತ್ತಿಗೂ ಹೌದು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಅದೇ ಸೀಮೆಯ ಡಾರ್ವೆನ್ ಊರಿಗೆ ಹೋಗಿ, ನಮ್ಮ ವಿದೇಶಿ ಬಟ್ಟೆ ಬಹಿಷ್ಕಾರದ ಬಿಸಿ ತಟ್ಟಿದ್ದ ಗಿರಣಿ ಕಾರ್ಮಿಕರನ್ನು ಕಂಡು ಮಾತಾಡಿದರು. ಆ ಕಾರ್ಮಿಕರು ಅವರನ್ನು ಆದರದಿಂದ ಬರಮಾಡಿಕೊಂಡರು. 1950 ಮತ್ತು 1960ರ ದಶಕಗಳಲ್ಲಿ ಅಲ್ಲಿನ ಗಿರಣಿಗಳ ರಾತ್ರಿ ಪಾಳಿಗೆ ಗುಜರಾತಿನಿಂದಲೂ ಪಾಕಿಸ್ತಾನದಿಂದಲೂ ಜನ ಹೋದರು. ಗಿರಣಿಗಳು ಮುಚ್ಚಿಹೋದವು. ಮನೆಗಳು ಉಳಿದಿವೆ, ಆ ಮನೆಗಳಲ್ಲಿ ಇವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ.

ಮನೆಗಳ ಕಟ್ಟಡವನ್ನು ಮೊದಲು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಯ ಕೂಗಳತೆಯಲ್ಲಿ, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಸಾಲುಗಳು ಇವು. ಕೆಳಗೆ ಎರಡು ಕೋಣೆ, ಮೇಲೆ ಎರಡು. ಮುಂಬಾಗಿಲು ತೆರೆದರೆ ಬೀದಿ. ಹಿಂದೆ ನಾಲ್ಕು ಹೆಜ್ಜೆಯ ಅಂಗಳ, ಅಲ್ಲಿ ಹಿಂದೊಮ್ಮೆ ಕಕ್ಕಸು ಮತ್ತು ಕಲ್ಲಿದ್ದಲ ಗೂಡು, ಅದರಾಚೆ ಓಣಿ. ಗೋಡೆಯೆಂದರೆ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ ಗೋಡೆ. ಒಳಗೆ ಸಂದು ಬಿಟ್ಟು ಎರಡು ಪದರವಾಗಿ ಕಟ್ಟುವ ಪದ್ಧತಿ ಹರಡಿದ್ದು ಆಮೇಲೆ. ಒಳಗಿನ ಬಿಸಿ ಇಂಥ ಗೋಡೆಯಿಂದ ಸುಲಭವಾಗಿ ಸೋರಿ ಹೋಗುತ್ತದೆ. ಬಿಸಿಯಿಲ್ಲದ ಮನೆಯಲ್ಲಿ ತೇವ ಕೂಡುತ್ತದೆ, ತೇವ ಕೂಡಿದಲ್ಲಿ ಬೂಷ್ಟು ಹಿಡಿಯುತ್ತದೆ. ರಾಚ್‌ಡೇಲಿನ ಬಾಡಿಗೆಯ ಫ್ಲಾಟೊಂದರಲ್ಲಿ 2020ರ ಡಿಸೆಂಬರಿನಲ್ಲಿ ಆವಾಬ್ ಇಶಾಕ್ ಎಂಬ ಎರಡು ವರ್ಷದ ಕೂಸು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣವೆಂದು 2022ರಲ್ಲಿ ವಿಚಾರಣೆ ತೀರ್ಮಾನಿಸಿತು. ಮನೆ ಕಾಯಿಸುವುದು ಅಲ್ಲಿ ಸುಖಭೋಗದ ಮಾತಲ್ಲ, ಜೀವದ ಮಾತು.

ಇಂದು ಬ್ರಿಟನ್ನಿನಲ್ಲಿ ಹತ್ತು ಮನೆಗಳಲ್ಲಿ ಎಂಟಕ್ಕೂ ಹೆಚ್ಚು ಮನೆಗಳನ್ನು ಕಾಯಿಸುವುದು ಗ್ಯಾಸಿನ ಬಾಯ್ಲರು. 2050ರ ಹೊತ್ತಿಗೆ ದೇಶದ ಇಂಗಾಲದ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರಬೇಕೆಂದು 2019ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿತು. ಆದ್ದರಿಂದ ಗ್ಯಾಸಿನ ಬಾಯ್ಲರು ಹೋಗಬೇಕು, ಅದರ ಜಾಗಕ್ಕೆ ಹೀಟ್ ಪಂಪು ಬರಬೇಕು ಎಂಬುದು ಸರಕಾರದ ನೀತಿ.

ಈ ಹೀಟ್ ಪಂಪು ಮಾಯಾಯಂತ್ರವೇನೂ ಅಲ್ಲ. ಸೋಡಾ ಅಂಗಡಿಯ ಫ್ರಿಜ್ಜಿನ ಹಿಂಬದಿಗೆ ಕೈ ಹಿಡಿದು ನೋಡಿರಿ, ಬಿಸಿ ತಾಕುತ್ತದೆ. ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರಿ ಹೊರಕ್ಕೆ ಹಾಕುವುದೇ ಅದರ ಕೆಲಸ. ಹೀಟ್ ಪಂಪು ಇದೇ ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತದೆ: ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು, ಗಾಳಿ ಎಷ್ಟೇ ತಣ್ಣಗಿರಲಿ, ಹೀರಿ ಒತ್ತಿ ಮನೆಯೊಳಗಿನ ನೀರಿನ ಕೊಳವೆಗೆ ಕೊಡುತ್ತದೆ. ಲಾರ್ಡ್ ಕೆಲ್ವಿನ್ 1852ರಲ್ಲಿಯೇ ಈ ವಿಚಾರವನ್ನು ಮುಂದಿಟ್ಟಿದ್ದರು. 1945ರಲ್ಲಿ ನಾರ್ವಿಚ್ ನಗರಸಭೆಯ ವಿದ್ಯುತ್ ಇಲಾಖೆಯ ಇಂಜಿನಿಯರ್ ಜಾನ್ ಸಮ್ನರ್ ನದಿಯ ನೀರಿನಿಂದ ಬಿಸಿ ಹೀರುವ ಇಂಥ ಯಂತ್ರ ಕಟ್ಟಿ ಇಲಾಖೆಯ ಕಟ್ಟಡವನ್ನೇ ಕಾಯಿಸಿ ತೋರಿಸಿದರು. ಅದನ್ನು ಮಾಡಿದವನು ಲಾಭಕೋರ ಕಂಪನಿಯ ಆಳಲ್ಲ, ಊರಿನ ನೌಕರ ಎಂಬುದನ್ನು ನಾವು ಒತ್ತಿ ಹೇಳುತ್ತೇವೆ.

ಹಳೆಯ ಮನೆಗಳಿಗೆ ಇದು ಒಗ್ಗುವುದಿಲ್ಲವೆಂದು ಅಲ್ಲಿನ ಕೆಲವು ಪತ್ರಿಕೆಗಳು ಗುಲ್ಲೆಬ್ಬಿಸಿವೆ. ಈ ಮಾತು ನಿಜವಲ್ಲ. ಸರಕಾರದ ಹಣದಲ್ಲಿ 742 ಮನೆಗಳಲ್ಲಿ ಪ್ರಯೋಗ ನಡೆಯಿತು. ಅವುಗಳಲ್ಲಿ ವಿಕ್ಟೋರಿಯಾ ಕಾಲದ ಸಾಲುಮನೆಗಳೂ ಇದ್ದವು. ಯಾವ ಬಗೆಯ ಮನೆಯೂ ತಾನಾಗಿ ಅಯೋಗ್ಯವಲ್ಲವೆಂದು ಕಂಡುಬಂತು. ಒಂದು ಯುನಿಟ್ಟು ವಿದ್ಯುತ್ತಿಗೆ ವರ್ಷದ ಸರಾಸರಿಯಲ್ಲಿ ಸುಮಾರು 2.8 ಯುನಿಟ್ಟು ಬಿಸಿ ಬಂತು. ಅಷ್ಟೇ ಅಲ್ಲ, ಸಾಲಿನ ನಡುವಿನ ಮನೆಗೆ ಒಂದು ಅನುಕೂಲವೂ ಇದೆ. ಎಡಬಲದ ಗೋಡೆಗಳು ನೆರೆಮನೆಯವು; ಬಿಸಿ ಸೋರುವುದು ಹೆಚ್ಚಾಗಿ ಮುಂದೆ, ಹಿಂದೆ ಮತ್ತು ಮಾಡಿನಿಂದ. ಬಯಲಲ್ಲಿ ಒಂಟಿಯಾಗಿ ನಿಂತ ಬಂಗಲೆಗೆ ಬೇಕಾಗುವುದಕ್ಕಿಂತ ಚಿಕ್ಕ ಯಂತ್ರ ಇಲ್ಲಿ ಸಾಕು.

ಆದರೆ ಕೆಲಸ ಹಗುರವೆಂದು ನಾವು ಹೇಳುವುದಿಲ್ಲ. ಬಾಯ್ಲರಿನ ನೀರು ಎಪ್ಪತ್ತು ಡಿಗ್ರಿಯ ಆಚೀಚೆ ಹರಿದರೆ, ಹೀಟ್ ಪಂಪಿನದು ನಲವತ್ತೈದು ಐವತ್ತರಲ್ಲಿ ಹರಿದರೆ ಹಿತ. ಆದ್ದರಿಂದ ಕೋಣೆ ಕೋಣೆಯ ಲೆಕ್ಕ ಹಾಕಿ ರೇಡಿಯೇಟರುಗಳನ್ನು ದೊಡ್ಡದು ಮಾಡಬೇಕು, ಸಣ್ಣ ಕೊಳವೆಗಳನ್ನು ಬದಲಿಸಬೇಕು. ಸ್ನಾನದ ಬಿಸಿನೀರಿಗೆ ತೊಟ್ಟಿ ಬೇಕು. ಕೂಡಲೇ ನೀರು ಕಾಯಿಸುವ ಬಾಯ್ಲರು ಬಂದ ಮೇಲೆ ತೊಟ್ಟಿಯ ಜಾಗವನ್ನು ಕಪಾಟು ಮಾಡಿಕೊಂಡವರೇ ಬಹಳ. ಯಂತ್ರದ ಬೀಸಣಿಗೆಯ ಸದ್ದು ನೆರೆಯವರ ಕಿಟಕಿಗೆ ತಾಗಬಾರದು. ಬೇಲಿಗೋಡೆಯಿಂದ ಒಂದು ಮೀಟರು ದೂರವಿರಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2025ರ ಮೇ ತಿಂಗಳವರೆಗೂ ಇತ್ತು. ನಾಲ್ಕು ಹೆಜ್ಜೆಯ ಅಂಗಳದಲ್ಲಿ ಆ ಮೀಟರನ್ನು ತರುವುದೆಲ್ಲಿಂದ? ಇನ್ನೂ ಒಂದು ತೊಡಕು: ಹಳೆಯ ಸಾಲುಗಳಲ್ಲಿ ಎಷ್ಟೋ ಕಡೆ ಒಂದೇ ವಿದ್ಯುತ್ ತಂತಿ ಎರಡು ಮನೆಗೆ ಹಂಚಿಕೆಯಾಗಿದೆ. ಅದನ್ನು ಬಿಡಿಸಿ ಬೇರೆ ತಂತಿ ಎಳೆಯದೆ ಅಲ್ಲಿ ದೊಡ್ಡ ಯಂತ್ರ ಹಾಕಲಾಗದು.

ಈ ತೊಡಕುಗಳಲ್ಲಿ ಅರ್ಧಕ್ಕರ್ಧ ಒಂದು ಮನೆಯವು ಅಲ್ಲ, ಇಡೀ ಸಾಲಿನವು. ತಂತಿ, ಸದ್ದು, ಹಂಚಿಕೊಂಡ ಗೋಡೆ ಎಲ್ಲವೂ ನೆರೆಹೊರೆಯ ಪ್ರಶ್ನೆಗಳೇ. ಹಾಗಿದ್ದೂ ಸರಕಾರ ಹಿಡಿದದ್ದು ಒಂದೊಂದೇ ಮನೆಯ ದಾರಿ. 2022ರ ಮೇ ತಿಂಗಳಲ್ಲಿ ಮನೆಯೊಡೆಯರಿಗೆ 5,000 ಪೌಂಡಿನ ಸಹಾಯಧನ ಆರಂಭವಾಯಿತು. 2023ರ ಅಕ್ಟೋಬರಿನಲ್ಲಿ ಅದನ್ನು 7,500ಕ್ಕೆ ಏರಿಸಿದರು. ಕೇಳಲು ಚೆಂದವೇ. ಆದರೆ ಯಂತ್ರ ಕೂರಿಸುವ ಒಟ್ಟು ಖರ್ಚು ಸುಮಾರು 13,000 ಪೌಂಡು. ಉಳಿದ ಐದೂವರೆ ಸಾವಿರವನ್ನು ಮನೆಯವನೇ ತರಬೇಕು. ಒಂದು ಪೌಂಡೆಂದರೆ ನಮ್ಮ ನೂರಕ್ಕೂ ಹೆಚ್ಚು ರೂಪಾಯಿ. ಹೊಸ ಗ್ಯಾಸ್ ಬಾಯ್ಲರಾದರೆ ಎರಡೂವರೆ ಮೂರು ಸಾವಿರ ಪೌಂಡಿನಲ್ಲಿ ಮುಗಿಯುತ್ತದೆ. ದಿನಗೂಲಿಯವನು ಯಾವುದನ್ನು ಹಾಕಿಸಿಯಾನು? ಕೈಯಲ್ಲಿ ಹಣವಿದ್ದವನು ಸಹಾಯಧನ ಪಡೆಯುತ್ತಾನೆ. ಇಲ್ಲದವನು ತನ್ನ ತೆರಿಗೆಯಿಂದ ಅವನಿಗೆ ಸಹಾಯ ಮಾಡುತ್ತಾನೆ. 2028ರ ಹೊತ್ತಿಗೆ ವರ್ಷಕ್ಕೆ ಆರು ಲಕ್ಷ ಯಂತ್ರ ಕೂರಿಸುತ್ತೇವೆಂದು 2020ರಲ್ಲಿ ಘೋಷಿಸಿದ್ದರು. 2024ರಲ್ಲಿ ಮಾರಾಟವಾದದ್ದು ಒಂದು ಲಕ್ಷಕ್ಕೂ ಕಡಿಮೆ.

ಇನ್ನು ದಿನನಿತ್ಯದ ಖರ್ಚು. ವ್ಯಾಪಾರಿ ಬಂಧುಗಳು ಈ ಲೆಕ್ಕವನ್ನು ತಾವೇ ಹಾಕಿ ನೋಡಲಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ನಿಯಂತ್ರಣ ಮಂಡಲಿ ಗೊತ್ತುಮಾಡಿದ ಗರಿಷ್ಠ ದರದಂತೆ ವಿದ್ಯುತ್ತು ಯುನಿಟ್ಟಿಗೆ 24.50 ಪೆನ್ಸು, ಗ್ಯಾಸು 6.24 ಪೆನ್ಸು. ಒಂದು ಯುನಿಟ್ಟಿಗೆ 2.8ರಂತೆ ಬಿಸಿ ಬಂದರೆ ಹೀಟ್ ಪಂಪಿನ ಬಿಸಿಗೆ ಬೀಳುವುದು 8.75 ಪೆನ್ಸು. ನೂರಕ್ಕೆ 85 ಪಾಲು ಬಿಸಿ ಕೊಡುವ ಬಾಯ್ಲರಿನದು 7.34. ಯಂತ್ರವನ್ನು ನುರಿತ ಕೈ ಸರಿಯಾಗಿ ಕೂರಿಸಿ 3.5 ಪಾಲು ಬಂದರೆ 7 ಪೆನ್ಸಿಗೆ ಇಳಿದು ಗ್ಯಾಸಿಗಿಂತ ಅಗ್ಗವಾಗುತ್ತದೆ. ಅಂದರೆ ಲಾಭ ನಷ್ಟ ನಿಂತಿರುವುದು ಎರಡರ ಮೇಲೆ: ಕೂರಿಸುವವನ ಕಸುಬು ಮತ್ತು ವಿದ್ಯುತ್ತಿನ ದರ. ದರ ಹೆಚ್ಚಲು ಒಂದು ಕಾರಣ, ಹಸಿರು ಯೋಜನೆಗಳ ಖರ್ಚನ್ನು ಗ್ಯಾಸಿನ ಬಿಲ್ಲಿಗಿಂತ ವಿದ್ಯುತ್ ಬಿಲ್ಲಿನ ಮೇಲೆಯೇ ಹೆಚ್ಚಾಗಿ ಹೇರಿಕೊಂಡು ಬಂದದ್ದು. 2025ರ ನವೆಂಬರಿನ ಬಜೆಟ್ಟಿನಲ್ಲಿ ಆ ಹೊರೆಯ ಒಂದು ಭಾಗವನ್ನು ಬೊಕ್ಕಸಕ್ಕೆ ವರ್ಗಾಯಿಸುವ ತೀರ್ಮಾನವಾಯಿತು. ಒಳ್ಳೆಯದೇ, ಆದರೆ ಪೂರ್ತಿ ಹೊರೆ ಇಳಿಯಬೇಕು.

ಬಾಡಿಗೆದಾರನ ಪಾಡಂತೂ ಹೇಳತೀರದು. ಇಂಗ್ಲೆಂಡಿನಲ್ಲಿ ಐದು ಕುಟುಂಬಗಳಲ್ಲಿ ಸುಮಾರು ಒಂದು ಖಾಸಗಿ ಬಾಡಿಗೆ ಮನೆಯಲ್ಲಿದೆ. ಸಹಾಯಧನ ಸಿಗುವುದು ಮನೆಯೊಡೆಯನಿಗೆ. ಬಿಲ್ಲು ಕಟ್ಟುವವನು, ಚಳಿಯಲ್ಲಿ ನಡುಗುವವನು ಬಾಡಿಗೆದಾರ. ನಡುಗದವನು ಯಂತ್ರ ಏಕೆ ತಂದಾನು? ತಂದರೂ ಬಾಡಿಗೆ ಏರಿಸದೆ ಬಿಟ್ಟಾನೆಯೇ?

ಅವಸರದ ಗುತ್ತಿಗೆ ಕೆಲಸದಿಂದ ಏನಾಗುತ್ತದೆಂಬುದಕ್ಕೆ ಪ್ರೆಸ್ಟನ್ ಊರಿನ ಫಿಶ್‌ವಿಕ್ ಬಡಾವಣೆ ಸಾಕ್ಷಿ. 2013ರ ಸುಮಾರಿಗೆ ಅಲ್ಲಿ 300ಕ್ಕೂ ಹೆಚ್ಚು ಮನೆಗಳ ಹೊರಗೋಡೆಗೆ ಬಿಸಿ ಸೋರದಂತೆ ಹೊದಿಕೆ ಹಾಕಿದರು. ಕೆಲಸ ಕೆಟ್ಟಿತು, ಹೊದಿಕೆಯ ಹಿಂದೆ ಮಳೆ ನೀರು ಇಳಿಯಿತು, ಒಣಗಿದ್ದ ಮನೆಗಳಿಗೂ ತೇವ ಬೂಷ್ಟು ಹಿಡಿಯಿತು. ಪಾಠ ಕಲಿತರೇ? ಈಚಿನ ಎರಡು ಯೋಜನೆಗಳಲ್ಲಿ ಹೊರಗೋಡೆಗೆ ಹೊದಿಕೆ ಹಾಕಿಸಿಕೊಂಡ ಮನೆಗಳಲ್ಲಿ ನೂರಕ್ಕೆ 98ರಲ್ಲಿ ಸರಿಪಡಿಸಬೇಕಾದ ದೋಷವಿದೆಯೆಂದು ರಾಷ್ಟ್ರೀಯ ಲೆಕ್ಕ ತಪಾಸಣಾ ಕಚೇರಿ 2025ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಗುತ್ತಿಗೆಯೊಳಗೆ ಗುತ್ತಿಗೆ, ಅದರೊಳಗೆ ಮತ್ತೊಂದು ಗುತ್ತಿಗೆ. ಕೊನೆಗೆ ಹೊಣೆ ಯಾರದೂ ಅಲ್ಲ.

ಹಾಗಾದರೆ ದಾರಿ ಯಾವುದು? ದಾರಿಯನ್ನು ಹೊಸದಾಗಿ ಹುಡುಕಬೇಕಿಲ್ಲ, ಅವರ ಚರಿತ್ರೆಯಲ್ಲಿಯೇ ಇದೆ. ಬ್ರಿಟನ್ನಿನ ಗ್ಯಾಸ್ ಉದ್ಯಮ 1949ರಲ್ಲಿ ರಾಷ್ಟ್ರೀಕರಣವಾಯಿತು. ಆಗ ಮನೆಗಳಲ್ಲಿ ಉರಿಯುತ್ತಿದ್ದುದು ಬಹುತೇಕ ಕಲ್ಲಿದ್ದಲಿನಿಂದ ತೆಗೆದ ಗ್ಯಾಸು. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಗ್ಯಾಸು ಸಿಕ್ಕಿದಾಗ ಹಳೆಯ ಒಲೆಗಳು ಅದಕ್ಕೆ ಒಗ್ಗಲಿಲ್ಲ. 1967ರಿಂದ 1977ರ ವರೆಗೆ, ಹತ್ತೇ ವರ್ಷದಲ್ಲಿ, ಆ ಸಾರ್ವಜನಿಕ ಉದ್ಯಮ ಬೀದಿಯಿಂದ ಬೀದಿಗೆ ಆಳುಗಳನ್ನು ಕಳಿಸಿ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಗ್ರಾಹಕರ ಒಲೆ, ಬಾಯ್ಲರುಗಳನ್ನು ಮಾರ್ಪಡಿಸಿತು. ಆ ಕೆಲಸಕ್ಕೆ ಮನೆಯವರಿಂದ ಬೇರೆ ಹಣ ಕೇಳಲಿಲ್ಲ. ಯಾರಿಗೆ ಹಣವಿದೆ, ಯಾರಿಗಿಲ್ಲ ಎಂದು ಬಾಗಿಲಲ್ಲಿ ವಿಚಾರಿಸಲಿಲ್ಲ. 1986ರಲ್ಲಿ ಆ ಉದ್ಯಮವನ್ನು ಷೇರುಪೇಟೆಗೆ ಮಾರಿದರು; ಬೀದಿಯಿಂದ ಬೀದಿಗೆ ಹೋಗುವ ಕೈಯೇ ಮಾರಾಟವಾಯಿತು.

ಹೀಟ್ ಪಂಪು ಕೂರಿಸುವುದು ಒಲೆಯ ಮೂತಿ ಬದಲಿಸಿದಷ್ಟು ಸುಲಭವಲ್ಲ ಎಂದು ವಾದಿಸುವವರಿದ್ದಾರೆ. ಒಪ್ಪೋಣ. ಕೆಲಸ ಹೆಚ್ಚು ಕಷ್ಟದ್ದಾದರೆ ಅದನ್ನು ಒಂಟಿ ಮನೆಯವನ ತಲೆಗೆ ಕಟ್ಟುವುದು ಹೆಚ್ಚು ತಪ್ಪಾಗುತ್ತದೆಯೇ ಹೊರತು ಕಡಿಮೆಯಲ್ಲ. ಜನರ ಆಯ್ಕೆಯ ಸ್ವಾತಂತ್ರ್ಯವೆಂದು ಇನ್ನು ಕೆಲವರು ಹೇಳುತ್ತಾರೆ. ಐದೂವರೆ ಸಾವಿರ ಪೌಂಡು ಇಲ್ಲದವನಿಗೆ ಇರುವ ಆಯ್ಕೆ ಯಾವುದು? ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ನಮ್ಮ ಗಾದೆ ಇಂಥದಕ್ಕೇ ಹುಟ್ಟಿದ್ದು.

ನಾವು ಹೇಳುವುದು ಇಷ್ಟು. ಕೆಲಸ ಮನೆಯ ಲೆಕ್ಕದಲ್ಲಿ ಅಲ್ಲ, ಸಾಲಿನ ಲೆಕ್ಕದಲ್ಲಿ ನಡೆಯಲಿ. ನಗರಸಭೆ ಅದರ ಹೊಣೆ ಹೊರಲಿ. ಮೊದಲು ಮಾಡು, ಕಿಟಕಿ, ತೇವ ನೋಡಿ ಆಮೇಲೆ ಯಂತ್ರ ತರಲಿ. ಖರ್ಚು ಬೊಕ್ಕಸದ್ದಾಗಲಿ, ಆ ಕಾರಣಕ್ಕಾಗಿ ಬಾಡಿಗೆ ಏರಿಸಕೂಡದೆಂದು ಕಾನೂನಾಗಲಿ. ಒಂದು ಲಕ್ಷಕ್ಕೂ ಹೆಚ್ಚು ನೋಂದಾಯಿತ ಗ್ಯಾಸ್ ಕೆಲಸಗಾರರು ಆ ದೇಶದಲ್ಲಿದ್ದಾರೆ. ಒಂದು ವ್ಯಾನು, ಒಬ್ಬ ಹುಡುಗನನ್ನು ಇಟ್ಟುಕೊಂಡು ದುಡಿಯುವ ಸಣ್ಣ ಕಸುಬುದಾರರು ಅವರಲ್ಲಿ ಅನೇಕರು. ಸರಕಾರದ ಖರ್ಚಿನಲ್ಲಿ, ತರಬೇತಿಯ ದಿನಗಳ ಕೂಲಿ ಕೊಟ್ಟು ಅವರಿಗೆ ಹೊಸ ಕೆಲಸ ಕಲಿಸಲಿ. ಇಲ್ಲದಿದ್ದರೆ ಬಾಯ್ಲರಿನ ಜತೆ ಅವರ ಅನ್ನವೂ ಹೋಗುತ್ತದೆ, ಗುತ್ತಿಗೆ ದೊಡ್ಡ ಕಂಪನಿಗಳ ಪಾಲಾಗುತ್ತದೆ.

ನಮ್ಮಲ್ಲಿ ಮನೆ ಕಾಯಿಸುವ ಯಂತ್ರ ಬೇಕಿಲ್ಲ. ಆದರೆ ಒಳ್ಳೆಯ ಯಂತ್ರವೊಂದು ಬಂದಾಗ ಅದು ಮೊದಲು ಯಾರ ಮನೆಗೆ ಹೋಗುತ್ತದೆ, ಉಳಿದ ಹಣವನ್ನು ಯಾರು ತರಬೇಕು, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳು ಓಲ್ಡ್‌ಹ್ಯಾಮಿನ ಸಾಲುಮನೆಗೂ ನಮ್ಮ ಗಿರಣಿ ಚಾಳಕ್ಕೂ ಒಂದೇ. ಸಹಾಯಧನದ ಯಾವ ಯೋಜನೆ ಎದುರು ಬಂದರೂ ನಮ್ಮ ಸಂಘದ ಬಂಧುಗಳು ಈ ಮೂರನ್ನು ಕೇಳದೆ ಕೈಯೆತ್ತಕೂಡದು.