ನಾಯಿ ಕ್ಯಾಮೆರಾ ನೋಡಬೇಕಾಗಿಲ್ಲ

ಕನ್ನಡ ವ್ಯಾಕರಣದ ಪ್ರಕಾರ ನಾಯಿ ‘ಅದು’. ಗಂಡೋ ಹೆಣ್ಣೋ ಎಂದು ವ್ಯಾಕರಣ ಕೇಳುವುದೇ ಇಲ್ಲ. ಮನುಷ್ಯರನ್ನೂ ದೇವರನ್ನೂ ಬಿಟ್ಟರೆ ಮಿಕ್ಕಿದ್ದೆಲ್ಲ ನಪುಂಸಕಲಿಂಗ. ಅಕ್ಕಪಕ್ಕದ ಮರಾಠಿಯವರಿಗೆ, ಹಿಂದಿಯವರಿಗೆ ಭಾಷೆಯೇ ಗಂಡುನಾಯಿ ಹೆಣ್ಣುನಾಯಿಗಳನ್ನು ಬೇರೆ ಮಾಡಿಕೊಟ್ಟಿದೆ. ನಮಗೆ ಆ ಅನುಕೂಲ ಇಲ್ಲ. ಆದರೂ ನಾಯಿ ಸಾಕಿದ ಯಾವ ಕನ್ನಡದ ಮನೆಯಲ್ಲಾದರೂ ಕಿವಿಗೊಟ್ಟು ನೋಡಿ: ‘ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ’, ‘ಅವಳಿಗೆ ಪಟಾಕಿ ಅಂದ್ರೆ ಭಯ’. ಯಾರೂ ಹೇಳಿಕೊಡದೆ ಎಲ್ಲರೂ ವ್ಯಾಕರಣ ಮುರಿದಿದ್ದಾರೆ. ಭಾಷಾಶಾಸ್ತ್ರ ಓದಿದವಳಾಗಿ ನನಗೆ ಇದು ಬಲು ಇಷ್ಟದ ಸಂಗತಿ.

ನನ್ನ ತಕರಾರು ಶುರುವಾಗುವುದು ಇದೇ ಮನೆಯವರು ಭಾನುವಾರ ನಾಯಿಯ ಜೊತೆ ಫೋಟೊ ತೆಗೆಸಿಕೊಳ್ಳಲು ಹೊರಗೆ ಹೊರಟಾಗ. ಕ್ಯಾಮೆರಾ ಎದುರಿಗೆ ಬಂದದ್ದೇ ತಡ, ‘ಅವನು’ ಮತ್ತೆ ‘ಅದು’ ಆಗಿಬಿಡುತ್ತಾನೆ. ‘ಅದನ್ನ ಈ ಕಡೆ ತಿರುಗಿಸು.’ ‘ಅದರ ಮೂತಿ ಸ್ವಲ್ಪ ಎತ್ತು.’ ಆಮೇಲೆ ಬರುವ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಇದೆ, ನನ್ನದರಲ್ಲೂ ಇದೆ. ಹಲ್ಲು ಕಿರಿದ ಮನುಷ್ಯ, ಕಂಕುಳಲ್ಲಿ ಸಿಕ್ಕಿಕೊಂಡ ನಾಯಿ, ನೆತ್ತಿಯ ಮೇಲೆ ಹನ್ನೊಂದು ಗಂಟೆಯ ಬಿಸಿಲು. ನಾಲಗೆ ಒಂದು ಗೇಣು ಹೊರಗೆ. ಕೆಳಗೆ ಒಕ್ಕಣೆ: ‘ನಗ್ತಾ ಇದಾನೆ ನೋಡಿ!’ ನಗುತ್ತಿಲ್ಲ ಸ್ವಾಮಿ, ಏದುಸಿರು ಬಿಡುತ್ತಿದ್ದಾನೆ. ನಮ್ಮ ಹಾಗೆ ಮೈತುಂಬ ಬೆವರಿ ತಣ್ಣಗಾಗುವ ಸೌಲಭ್ಯ ಅವನಿಗಿಲ್ಲ.

ಫೋಟೊ ಕೆಟ್ಟರೆ ಬೈಗುಳ ನಾಯಿಗೆ. ‘ಅದು ಒಂದು ಕಡೆ ಕೂರಲ್ಲ’, ‘ಕ್ಯಾಮೆರಾ ನೋಡಲ್ಲ’. ಯಾಕೆ ನೋಡಬೇಕು? ಕ್ಯಾಮೆರಾ ಅವನಿಗೆ ಏನೂ ಅಲ್ಲ. ಇಬ್ಬರೂ ಲೆನ್ಸನ್ನೇ ದಿಟ್ಟಿಸಬೇಕು ಎಂಬ ನಿಯಮ ಸ್ಟುಡಿಯೋದ ಮದುವೆ ಫೋಟೊದಿಂದ ಬಂದದ್ದು. ನಾಯಿಗೂ ಮನುಷ್ಯನಿಗೂ ನಡುವೆ ಇರುವುದು ಕಾಣುವುದು ಅವರು ಬೇರೆ ಏನನ್ನಾದರೂ ಮಾಡುತ್ತಿರುವಾಗ: ಪಾದದಲ್ಲಿ ಚುಚ್ಚಿದ ಮುಳ್ಳು ತೆಗೆಯುವಾಗ, ಒಂದೇ ಬಾಟಲಿಯಿಂದ ನೀರು ಕುಡಿಸುವಾಗ, ಇಬ್ಬರೂ ಸುಸ್ತಾಗಿ ಒಂದೇ ದಿಕ್ಕಿಗೆ ನೋಡುತ್ತ ಕೂತಾಗ. ಮನುಷ್ಯ ನಾಯಿಯನ್ನು ನೋಡಲಿ, ನಾಯಿ ಅಳಿಲನ್ನು ನೋಡಲಿ. ಅದು ಸುಳ್ಳಲ್ಲದ ಫೋಟೊ.

ತಬ್ಬಿಕೊಳ್ಳುವುದರ ಬಗ್ಗೆಯೂ ಒಂದು ಮಾತು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 2016ರಲ್ಲಿ ಅಂತರಜಾಲದಿಂದ ಜನ ನಾಯಿಯನ್ನು ಅಪ್ಪಿಕೊಂಡಿರುವ 250 ಫೋಟೊ ಆರಿಸಿ ನೋಡಿದರು. ಐದರಲ್ಲಿ ನಾಲ್ಕಕ್ಕೂ ಹೆಚ್ಚು ಫೋಟೊಗಳಲ್ಲಿ ನಾಯಿ ಇರುಸುಮುರುಸಿನ ಒಂದಾದರೂ ಗುರುತು ತೋರುತ್ತಿತ್ತು: ಹಿಂದಕ್ಕೆ ಮಡಚಿದ ಕಿವಿ, ಆ ಕಡೆ ತಿರುಗಿಸಿದ ಮುಖ, ಅಂಚಿನಲ್ಲಿ ಬಿಳಿ ಕಾಣುವ ಕಣ್ಣು, ತುಟಿ ನೆಕ್ಕುವುದು. ಅದು ವಿದ್ವತ್ ಪತ್ರಿಕೆಯ ಅಧ್ಯಯನವೇನಲ್ಲ, ಅಂಕಣಕ್ಕೆಂದು ಮಾಡಿದ ಲೆಕ್ಕ. ಇರಲಿ, ನಿಮ್ಮದೇ ಆಲ್ಬಮ್ ತೆರೆದು ಲೆಕ್ಕ ಹಾಕಿ. ಲಕ್ಷಣಗಳನ್ನು ಒಮ್ಮೆ ತಿಳಿದುಕೊಂಡ ಮೇಲೆ ಕಾಣದೇ ಇರುವುದಿಲ್ಲ.

ಮಂಡಿಯೂರಿ. ಬೇರೆಲ್ಲ ಸಲಹೆಗಿಂತ ಇದು ಮುಖ್ಯ. ನಿಂತು ತೆಗೆದರೆ ನಾಯಿ ಎಂದರೆ ಒಂದು ದೊಡ್ಡ ತಲೆ, ಅದರ ಹಿಂದೆ ಚಿಕ್ಕ ಮೈ, ಹಿನ್ನೆಲೆಗೆ ನೆಲ. ನ್ಯೂಯಾರ್ಕಿನಲ್ಲಿ ಎಲಿಯಟ್ ಅರ್ವಿಟ್ 1974ರಲ್ಲಿ ತೆಗೆದ ಒಂದು ಪ್ರಸಿದ್ಧ ಚಿತ್ರವಿದೆ: ಎಡಕ್ಕೆ ಬೃಹತ್ ನಾಯಿಯೊಂದರ ಕಾಲುಗಳು, ನಡುವೆ ಹೆಂಗಸಿನ ಬೂಟುಗಳು, ಪಕ್ಕದಲ್ಲಿ ಉಣ್ಣೆ ಟೋಪಿ ಹಾಕಿಕೊಂಡ ಪುಟಾಣಿ ಚಿವಾವಾ. ಒಡತಿಯ ಮುಖವೇ ಇಲ್ಲ. ಲೋಕ ಆ ಎತ್ತರದಿಂದ ಹಾಗೇ ಕಾಣುತ್ತದೆ ಎಂದು ಒಪ್ಪಿಕೊಂಡದ್ದೇ ಅದರ ಬಲ.

ಇದು ವಿಲಾಯಿತಿ ಶೋಕಿ ಎನ್ನುವವರಿಗೆ ಮದ್ದೂರು ತಾಲ್ಲೂಕಿನ ಆತಕೂರನ್ನು ನೆನಪಿಸುತ್ತೇನೆ. ತಕ್ಕೋಲದ ಯುದ್ಧದ ಬಳಿಕ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರ ಎಂಬ ವೀರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಂದರ ಜೊತೆ ಸೆಣಸಿ ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ. ಹತ್ತನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿ ಹಂದಿ ಎದುರುಬದುರಾಗಿ, ಅವುಗಳದೇ ಎತ್ತರದಿಂದ ಕಂಡಂತೆ ಕೆತ್ತಿವೆ. ಕಾಳಿ ನೋಡುತ್ತಿರುವುದು ಹಂದಿಯನ್ನು, ನಮ್ಮನ್ನಲ್ಲ. ಸಾವಿರ ವರ್ಷದ ಹಿಂದೆ ಉಳಿ ಹಿಡಿದವನಿಗೆ ಗೊತ್ತಿದ್ದದ್ದು ಐವತ್ತು ಸಾವಿರದ ಫೋನ್ ಹಿಡಿದ ನಮಗೆ ಹೊಳೆಯುತ್ತಿಲ್ಲ.

ಫೋನಿನ ಮಾತು ಬಂತು. ಪೋರ್ಟ್ರೇಟ್ ಮೋಡ್ ಆರಿಸಿಡಿ. ಮನುಷ್ಯನ ಮುಖಕ್ಕೆ ಅದು ಹೇಗೋ ಸರಿ. ನಾಯಿಯ ಮೂತಿ ಉದ್ದ, ಮೈತುಂಬ ಕೂದಲು. ಎಲ್ಲಿ ಮುಗಿಯಿತು, ಎಲ್ಲಿಂದ ಹಿನ್ನೆಲೆ ಎಂದು ಅಂದಾಜು ಮಾಡುವಲ್ಲಿ ಅದು ಕಿವಿಯ ತುದಿ ಕತ್ತರಿಸುತ್ತದೆ, ಮೀಸೆ ಅಳಿಸುತ್ತದೆ, ಲೀಶನ್ನು ಅರ್ಧಕ್ಕೆ ಮಾಯ ಮಾಡುತ್ತದೆ. ತೀರ ಹತ್ತಿರ ಹೋದರೆ ಮೂಗು ಬದನೆಕಾಯಿ ಆಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು 2x ಒತ್ತಿ. ದೊಡ್ಡ ಕ್ಯಾಮೆರಾ ಇರುವವರು ಎಫ್ 1.8ರ ಮೋಹ ಬಿಡಿ: ಮೂಗು ಸ್ಪಷ್ಟ, ಕಣ್ಣು ಮಂಜು, ಮಾಲೀಕ ಮಾಯ. ಎಫ್ 4, 5.6 ಸಾಕು, ಇಬ್ಬರ ತಲೆಯೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಲಿ. ಓಡುವ ನಾಯಿಗೆ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಾದರೆ ಕಾಲು ಕಲಸಿಹೋಗುತ್ತದೆ. ಲೀಶ್ ಕಂಡರೆ ಕಾಣಲಿ ಬಿಡಿ, ಫೋಟೊ ಚಂದಕ್ಕೆಂದು ರಸ್ತೆ ಪಕ್ಕ ಬಿಚ್ಚುವವರಿಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. ಹೆಸರು ಹಿಡಿದು ಇಪ್ಪತ್ತು ಸಲ ಕೂಗುವುದೂ ಬೇಡ. ಕೂಗಿದಾಗಲೆಲ್ಲ ಏನೂ ಆಗದಿದ್ದರೆ ಆ ಹೆಸರಿಗೆ ಅರ್ಥವಿಲ್ಲ ಎಂದು ನಾಯಿ ಕಲಿಯುತ್ತದೆ.

ಬೆಳಕಿಗೆ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಇಲ್ಲವೇ ಮಳೆಗಾಲದ ಮೋಡ. ಪುಣೆಯ ವೇತಾಳ ಟೇಕಡಿಯಲ್ಲಿ ಜುಲೈಯ ಬೂದು ಬೆಳಕಿಗೆ ಸಮನಾದ ಸ್ಟುಡಿಯೋ ಇಲ್ಲ. ಜನ ಮಾತ್ರ ‘ಬಿಸಿಲು ಬರಲಿ’ ಎಂದು ಕಾಯುತ್ತಾರೆ.

ಈ ಕಾಯುವಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಕಪ್ಪು ನಾಯಿಗೆ. ಬಿಸಿಲಿನಲ್ಲಿ ಫೋನ್ ಸುತ್ತಲಿನ ಉರಿಬೆಳಕಿಗೆ ಲೆಕ್ಕ ಹಾಕಿ ನಾಯಿಯನ್ನು ಇದ್ದಿಲ ತುಂಡು ಮಾಡುತ್ತದೆ. ಇದು ಬರೀ ಅಂದಚಂದದ ವಿಷಯವಲ್ಲ. ಮುಂಬೈಯಿಂದ ಚೆನ್ನೈವರೆಗೆ ಯಾವ ಊರಿನಲ್ಲಾದರೂ ದತ್ತು ಕೊಡುವ ಬೀದಿಮರಿಗಳ ಫೋಟೊಗಳನ್ನು ನೋಡಿ. ಪಂಜರದ ಹಿಂದೆ, ಮೇಲಿನಿಂದ, ಕಣ್ಣಿಲ್ಲದ ಒಂದು ಕಪ್ಪು ಮುದ್ದೆ. ಮೂರು ತಿಂಗಳಿಂದ ಅದೇ ಫೋಟೊ, ‘ಅರ್ಜೆಂಟ್’ ಎಂಬ ಪದ ಮಾತ್ರ ದೊಡ್ಡದಾಗುತ್ತ ಹೋಗಿದೆ. ಮುಖವೇ ಕಾಣದ ಜೀವವನ್ನು ಮನೆಗೆ ಯಾರು ತರುತ್ತಾರೆ?

ಆ ಮರಿಯನ್ನು ಕಟ್ಟಡದ ನೆರಳಿಗೆ ತನ್ನಿ, ಮುಖ ತೆರೆದ ಆಕಾಶದ ಕಡೆ ಇರಲಿ. ಕಣ್ಣಿನಲ್ಲಿ ಒಂದು ಬಿಳಿ ಚುಕ್ಕಿ ಮೂಡುತ್ತದೆ. ಪರದೆಯ ಮೇಲೆ ಅವನ ಮುಖವನ್ನೇ ಮುಟ್ಟಿ, ಬೆಳಕು ಸ್ವಲ್ಪ ಏರಿಸಿ. ಹಿನ್ನೆಲೆ ಬೆಳ್ಳಗಾದರೆ ಆಗಲಿ. ಪಕ್ಕದಲ್ಲಿ ಅವನಿಗೆ ದಿನಾ ಅನ್ನ ಹಾಕುವ ವಾಚ್‌ಮನ್ ನೆಲದ ಮೇಲೆ ಕೂರಲಿ, ಅವನ ಮುಖವೂ ಪೂರ್ತಿ ಬರಲಿ. ಮರಿ ಎಷ್ಟು ದೊಡ್ಡದು, ಅಪ್ಪಿಕೊಳ್ಳದೇ ಇದ್ದರೂ ಮನುಷ್ಯರ ಹತ್ತಿರ ಬರುತ್ತದೋ ಇಲ್ಲವೋ ಎಂಬುದು ಒಕ್ಕಣೆ ಇಲ್ಲದೆ ತಿಳಿಯುತ್ತದೆ. ಹೆಸರು ಹಾಕುವಾಗ ವಾಚ್‌ಮನ್ ಏನೆಂದು ಕರೆಯುತ್ತಾರೋ ಅದನ್ನೇ ಹಾಕಿ.